ಮೂವತ್ತಾರನೇ ಕಡ್ಡಿ

ಮುಳಗುಂದ ನಾಕಾದಿಂದ ನಾಕು ಹೆಜ್ಜಿ ಒಳಗ
ಹಜರೇಸಾಬ ನದಾಫನ ಗ್ಯಾರೇಜು.
ಗ್ವಾಡಿಗೆ ತೂಗಿದ ಟಯರುಗಳ ನಡುವ
ಅವರಪ್ಪ ಹತ್ತಿ ಹಿಂಜುತಿದ್ದ ಬಿಲ್ಲು,
ನರ ಹರಿದು ಇಪ್ಪತ್ತು ವರ್ಷ.
ಈಗ ಅದಕ್ಕ ಕ್ಲಚ್ ಕೇಬಲ್ ಜೋತುಬಿದ್ದಾವ.

ನನ್ನ ಗಾಡಿ ಅವತ್ತು
ಮುಂದಿನ ಗಾಲಿ ಬಿಚ್ಚಿಸಿಕೊಂಡು
ಲಾಳ ಕಟ್ಟಿಸಿಕೊಳ್ಳೋ ಎತ್ತಿನಂಗ ಬಿದ್ದಿತ್ತು.

'ಏನೇನ್ ಆಗಬೇಕ್ರಿ ಬಾಯಾರ?'
ಹೇಳಿದೆ: ಎರಿ ಮಣ್ಣು ಮಡಗಾರ್ಡಿನಾಗ ಸೇರಿ
ಡೋಣಿ ಹಾದ್ಯಾಗ ಗಾಲಿ ತಿರಗೂದಿಲ್ಲ.
ಹಿಂದ ನೈಟ್ರೋಜನ್ ಕ್ಯಾನು,
ಒಳಗ ಅರವತ್ತು ಹೋರಿ ತಣ್ಣಗ ಮಲಗಿರತಾವ,
ಅವಕ್ಕ ಕುಲುಕಾಟ ಆಗಬಾರದು.
ಏರಿನ್ಯಾಗ ಉಸಿರು ಸಾಲೂದಿಲ್ಲ.
ಮತ್ತ (ನಾಚಿಕೊಂಡ ಹೇಳಿದೆ)
ಸೈಲೆನ್ಸರು ಸ್ವಲ್ಪ ಗುಡುಗಬೇಕು.

ಕಡೀ ಮಾತು ಆತಗ ಮುಟ್ಟಲಿಲ್ಲ ಅನಸ್ತು.
ಎಡಗಿವಿ ಎಂದೋ ಹೋಗೈತಿ,
ಬಲಗಿವಿ ತನಗ ಬೇಕಾದಾಗಷ್ಟ ಬರತೈತಿ.

ಮೂರು ದಿನ.
ಮಡಗಾರ್ಡು ಗಾಲಿ ಬಿಟ್ಟು ಒಂದು ಗೇಣು ಮ್ಯಾಲೇರಿತು.
ಕ್ಯಾನಿಗೆ ಕಬ್ಬಿಣದ ಬಗಲು,
ಕೂಸಿನ್ನ ಎತ್ತಿಕೊಂಡಷ್ಟ ಜ್ವಾಕಿ.
ಹಿಂದಿನ ಚಕ್ರಕ್ಕ ನಾಕು ಹಲ್ಲು ಹೆಚ್ಚು:
'ಓಟ ಕಡಿಮಿ ಆಗತೈತ್ರಿ. ಏರು ನಿಮ್ಮದು.'
ಕಾರ್ಬೊರೇಟರಿನ ಸ್ಕ್ರೂ ಒಂದೂವರಿ ಸುತ್ತು ಬಿಚ್ಚಿದ,
ಕಾಲು ಸುತ್ತು ಮುಚ್ಚಿದ, ಮತ್ತ ಕೂದಲೆಳಿಯಷ್ಟು ಬಿಚ್ಚಿದ,
ಓಡಿಸಿ ಬಂದು ಪ್ಲಗ್ ತಗದು ಬಿಸಿಲಿಗೆ ಹಿಡಿದ.
ಕರ್ರಗಿದ್ರ ಹೊಟ್ಟಿ ಭಾರ,
ಬೆಳ್ಳಗಿದ್ರ ಉಪವಾಸ.
ಚಹಾದ ಬಣ್ಣ ಬಂದ ಮ್ಯಾಲೇನ
ಹುಡುಗನ್ನ ಕಳಿಸಿ ಚಹಾ ತರಿಸಿದ.

ಫಿಲ್ಟರಿನ ಫೋಮು ಹಿಂಡಿ ಒಣಗಿಸಿ
ಹತ್ತಿ ನೋಡೋ ಬೆರಳಿಂದ ಎಳೆದು ನೋಡಿದ.

ಆಮ್ಯಾಲೆ ಗಾಲಿ.
ಹೊಸಾ ರಿಮ್ಮು, ಮೂವತ್ತಾರು ಕಡ್ಡಿ.
ಹುಡುಗ ಹೇಳಿಸಿಕೊಳ್ಳದ ಕಂಪ್ರೆಸರ್ ಬಂದ್ ಮಾಡಿದ.
ಹಜರೇಸಾಬ ಹತ್ತರ ಪಾನಾ ಹಲ್ಲಾಗ ಕಚ್ಚಿ
ಅದರ ಇನ್ನೊಂದು ತುದಿ ರಿಮ್ಮಿಗೆ ಆನಿಸಿ
ಉಗುರಿಂದ ಒಂದೊಂದ ಕಡ್ಡಿ ಮೀಟಿದ.
ನನಗ ಕೇಳಿದ್ದು ಟಿಣ್, ಟಿಣ್, ಥಡ್.
ಆತಗ ಏನು ಕೇಳಿತೋ
ದವಡಿ ಎಲುಬಿನ ಒಳಗ,
ಕಣ್ಣು ಮುಚ್ಚಿದ್ದ.

ಇದು ಅರ್ಧ ಸುತ್ತು ಬಿಗಿ. ಎದುರಿಂದು ಅರ್ಧ ಸಡಿಲು.
ಒಂದನ್ನ ರಮಿಸಿದರ ಇನ್ನೊಂದಕ್ಕ ಸಿಟ್ಟು.
ಪಾನಾ ಬಾಯಾಗಿದ್ದಂಗನ ಏನೋ ಅಂದ, ತಿಳೀಲಿಲ್ಲ.
ಹುಡುಗ ಬಿಡಿಸಿ ಹೇಳಿದ:
'ಅವರಪ್ಪಗ ಒಂದ ನರದ ಕೂಡ ಜಗಳಿತ್ತಂತ್ರಿ.
ತನಗ ಮೂವತ್ತಾರರ ಕೂಡ.'

ಸಂಜಿಕ ಬರದಿದ್ದು ಇನ್ನೊಂದು ನಮೂನಿ ಬಿಲ್ಲು.
ಅದರಾಗ: ಕಡ್ಡಿ ಬಿಗಿದದ್ದು, ಮೂವತ್ತೈದು.
'ಒಂದು ಇನ್ನೂ ಬಾಯಿ ಬಿಟ್ಟಿಲ್ರಿ.
ನೂರು ಕಿಲೋಮೀಟರ್ ಓಡಿಸಿ ಬರ್ರಿ.'
ಒದ್ದು ಚಾಲೂ ಮಾಡಿದೆ.
ಮೊದಲಿಗಿಂತ ಮೆತ್ತಗ.
ಮಾರಿ ಸಣ್ಣದು ಮಾಡಿದ್ದು ಕಂಡಿರಬೇಕು,
'ಗುಡುಗಿದ್ರ ಆಕಳಾ ಬೆದರತಾವ್ರಿ' ಅಂದ.
ಅಂದ್ರ, ಕೇಳಿಸಿತ್ತು.

ಮರುದಿನ ಕಪ್ಪತಗುಡ್ಡದ ಬಗಲಿಗೆ,
ಗಾಳಿಪಂಖಾಗಳ ಕೆಳಗ,
ರಾತ್ರಿ ಮಳಿ ಕುಡಿದ ಎರಿಯಾಗ ಎರಡನೇ ಗೇರು.
ಮಣ್ಣು ಹತ್ತಿತು, ತಿರುಗಿತು, ಬಿದ್ದು ಹೋತು.
ಎದ್ದು ನಿಂತ ಓಡಿಸಿದೆ, ಮೊಣಕಾಲಾಗ ಟಾಕಿ ಹಿಡಿದು.
ಬೆನ್ನ ಹಿಂದಿನ ಅರವತ್ತೂ ಸುಮ್ಮನಿದ್ದವು.
ಕಲ್ಲಿನ ಇಳಕಲಿನ್ಯಾಗ ಇಂಜಿನ್ ಬಂದ್ ಮಾಡಿ ಬಿಟ್ಟಾಗ
ಕೆಳಗಿಂದ ಸಣ್ಣದೊಂದು ಸಪ್ಪಳ,
ಸುತ್ತಿಗೊಮ್ಮೆ, ಸುತ್ತಿಗೊಮ್ಮೆ.

ಬೇವಿನ ಗಿಡದ ಕೆಳಗ ನಿಲ್ಲಿಸಿದೆ.
ಫೋನು ಬಡಕೊಂತು: 'ಎಲ್ಲಿದ್ದೀರಿ ಅಕ್ಕಾರ?'
ಬಂದೆ ಅಂದೆ.
ಪಾನಾ ತಗದು, ಓಡಣಿಗೆ ಒರೆಸಿ,
ಅತ್ತಿತ್ತ ಯಾರೂ ಇಲ್ಲಂತ ನೋಡಿ
ಹಲ್ಲಾಗ ಕಚ್ಚಿದೆ.
ಮೊದಲು ಕಬ್ಬಿಣದ ರುಚಿ, ಗ್ರೀಸಿನ ಕಂಪು.
ಆಮ್ಯಾಲೆ ದವಡ್ಯಾಗ, ದೂರದಿಂದ,
ಯಾರೋ ಹತ್ತಿ ಹಿಂಜಿಧಂಗ.

ಮೂವತ್ತೈದು ಒಂದ ಮನಿಯವು.
ಇನ್ನೊಂದು ಹೊಸಾ ಸೊಸಿ, ತಲಿ ತಗ್ಗಿಸಿ ನಿಂತಿತ್ತು.
ಮೀಟಿದೆ. ಮತ್ತ ಮೀಟಿದೆ.
ಮಾತಾಡಲಿಲ್ಲ.
ಒತ್ತಾಯ ಮಾಡಾಕ ಹೊತ್ತಿರಲಿಲ್ಲ ನನಗೂ.
ಡೋಣಿಯೊಳಗ ಆಕಳು ಬೆದಿಗೆ ಬಂದು
ಆಗಲೇ ಹನ್ನೆರಡು ತಾಸು.