ಇಂಚು

ಮಂಡಿ ಮೊಹಲ್ಲಾದ ಆ ಓಣಿಗೆ ನಮ್ಮ ವ್ಯಾನು ಹೋಗುವುದಿಲ್ಲ.
ಲೂರ್ದಮ್ಮ ಸಿಸ್ಟರ್ ಮುಂದೆ, ಚೀಲ ಹೊತ್ತ ನಾನು ಹಿಂದೆ.
ಹತ್ತಿ, ಗ್ಲೌಸು, ಬೀಗದ ಡಬ್ಬಿಯಲ್ಲಿ ಮಾರ್ಫಿನ್,
ಮೂರನೇ ವರ್ಷದ ನನ್ನ ರೆಕಾರ್ಡ್ ಪುಸ್ತಕ.

ಖೈರುನ್ನೀಸಾ ಬೀ ಮಲಗಿದ್ದಲ್ಲಿಂದಲೇ
ಮೊದಲು ನೋಡಿದ್ದು ನನ್ನ ತೋಳಿನ ಹೊಲಿಗೆ.
"ನಂದೇ ಇದು. ಕಂಕುಳಲ್ಲಿ ಒಂದಿಂಚು ಒಳಗೆ ಬಿಟ್ಟಿರ್ತೀನಿ,
ಹಾಸ್ಟೆಲ್ ಅನ್ನಕ್ಕೆ ಊದ್ಕೊಳ್ತೀರಲ್ಲ."
ಹತ್ತೊಂಬತ್ತು ವರ್ಷ ನಮ್ಮ ಕಾಲೇಜಿನ ಯೂನಿಫಾರ್ಮು
ಮೂಲೆಯ ಆ ಮೆಷೀನಿನದು.
ಈಗ ಅದರ ಮೇಲೆ ಒಗೆದ ಬ್ಯಾಂಡೇಜು ಒಣಗುತ್ತಿದೆ.

ಪಾಠದಂತೆ ಕೇಳಿದೆ:
ಸೊನ್ನೆ ಅಂದ್ರೆ ನೋವಿಲ್ಲ, ಹತ್ತು ಅಂದ್ರೆ ತಡೆಯಕ್ಕಾಗದ್ದು, ನಿಮ್ಮದೆಷ್ಟು?
"ಹತ್ತರ ಲೆಕ್ಕ ಬರಲ್ಲ ಮಗಾ. ಇಂಚಲ್ಲಿ ಹೇಳ್ಲಾ?"
ದಿಂಬಿನಡಿಯಿಂದ ಹಳದಿ ಟೇಪು ಬಂತು,
ತುದಿಯ ತಗಡು ಬಿದ್ದು, ಒಂದನೇ ಅಂಕಿ ಸವೆದದ್ದು.
"ರಾತ್ರಿ ನಲವತ್ತೆರಡು, ದಪ್ಪ ಹೆಂಗಸಿನ ಎದೆಸುತ್ತು.
ಫಜರ್ ಹೊತ್ತಿಗೆ ತೋಳುದ್ದ.
ಈಗ ಇಷ್ಟೇ, ಕಾಲರ್ ಅಗಲ."

ಚಾರ್ಟಿನಲ್ಲಿ ಇಂಚಿಗೆ ಕಾಲಂ ಇಲ್ಲ.
ಸಿಸ್ಟರ್ ನನ್ನ ಪೆನ್ನು ಕಿತ್ತುಕೊಂಡು ಅಂಚಿನಲ್ಲಿ ಬರೆದರು:
೪೨, ೨೨, ೨.
"ರಾತ್ರಿ ಹತ್ತರ ಮಾತ್ರೆ ಕೊಟ್ಟಿಲ್ಲ. ಯಾಕಮ್ಮಾ?"
ಸೊಸೆ ತಸ್ಮಿಯಾ ದುಪಟ್ಟಾ ಹಿಂಡಿದಳು:
"ಚಟ ಹತ್ತುತ್ತೆ ಅಂದ್ರು ಎದುರು ಮನೆಯೋರು."
ಸಿಸ್ಟರ್ ನೆಲಕ್ಕೆ ಕೂತರು. ಬೈಯಲಿಲ್ಲ.
ಎಷ್ಟು ಹೊತ್ತು ಮಾತಾಡಿದರೋ,
ನಾವೆದ್ದಾಗ ಗಡಿಯಾರದ ಗಾಜಿನ ಮೇಲೆ
ದರ್ಜಿ ಸುಣ್ಣದ ಮೂರು ಗೀಟು: ಆರು, ಹತ್ತು, ಎರಡು.

ಎದೆಯ ಹುಣ್ಣು ಬಿಚ್ಚಿದೆ.
ವಾಸನೆಗೆ ಉಸಿರು ಬಿಗಿಹಿಡಿದದ್ದು ಅವರಿಗೆ ತಿಳಿಯಿತು.
"ಬಿಡು ಉಸಿರು. ಹಿಡಿದ್ರೆ ಕೈ ನಡುಗುತ್ತೆ,
ಕಾಜಾ ಹೊಲಿಯೋರಿಗೆ ಗೊತ್ತು."
ಬಿಟ್ಟೆ. ಕೈ ನಿಂತಿತು.
ಇದು ನನ್ನ ಪುಸ್ತಕದಲ್ಲಿ ಇರಲಿಲ್ಲ.

ಹೊರಡುವಾಗ ಟೇಪು ಬೆರಳಿಗೆ ಸುತ್ತುತ್ತ ಕೇಳಿದರು:
"ನಂದು ಇನ್ನೆಷ್ಟು ಉಳಿದಿದೆ, ಸಿಸ್ಟರ್?"
ನಾನು ಬ್ಯಾಂಡೇಜು ಎಣಿಸತೊಡಗಿದೆ.
"ಬಟ್ಟೆ ಕಮ್ಮಿ ಇದೆ ಬೀ," ಅಂದರು ಲೂರ್ದಮ್ಮ.
"ಇರೋದ್ರಲ್ಲಿ ಏನು ಹೊಲೀಬೇಕು, ಹೇಳಿ."

ಓಣಿಯಲ್ಲಿ ಕಲಾಯಿಯವನು ಕೂಗುತ್ತ ಹೋದ. ಎಷ್ಟೋ ಹೊತ್ತು.
"ಈ ಹುಡುಗಿಗೆ ತೋಳು ಬಿಗಿ. ಬಿಚ್ಚಿಕೊಡಕ್ಕೆ ಹೇಳಿ."

ತಸ್ಮಿಯಾಳ ಕುರ್ತಾ ತೊಟ್ಟು ಕೂತೆ.
ದಿಂಬಿಗೊರಗಿ ಕೈಹೊಲಿಗೆಯಲ್ಲೇ ಎಡದ್ದು ಸಡಿಲಿಸಿದರು,
ಒಂದಿಂಚು ಪೂರ್ತಿ.
ಬಲದ್ದು ಮುಂದಿನ ಗುರುವಾರಕ್ಕೆ ಅಂದರು.

ಈಗಲೂ ವಾರ್ಡಿನಲ್ಲಿ ಡ್ರಿಪ್ ಏರಿಸಲು ಬಲಗೈ ಎತ್ತಿದರೆ
ಕಂಕುಳು ಬಿಗಿಯುತ್ತದೆ.
ಬೇರೆ ದರ್ಜಿಗೆ ಕೊಟ್ಟಿಲ್ಲ.