ಚುಕ್ಕಿಗೆರೆಯ ಕೋಣೆ

ನಾನು ಪುಸ್ತಕ ಓದಿದವನಲ್ಲ, ಮೀಟರು ಓದಿದವನು.
ಮೂವತ್ತೊಂದು ವರ್ಷ, ತಿಂಗಳಿಗೊಂದು ಸಲ,
ನೈರೋಬಿಯ ಪೂರ್ವಕ್ಕೆ, ಮಟಾಟು ವ್ಯಾನು
ಕೊನೆಯ ಉಸಿರು ಬಿಟ್ಟು ನಿಲ್ಲುವಲ್ಲಿ,
ಮುಕಿಂಡು ಎಸ್ಟೇಟು.
ಒಂಬೈನೂರ ಅರವತ್ತು ಮನೆ, ಎಲ್ಲಕ್ಕೂ ಒಂದೇ ಅಚ್ಚು,
ಕೆಂಪು ಹೆಂಚು, ಮೇಲೆರಡು ಕಿಟಕಿ.
ಶನಿವಾರ ರಾತ್ರಿ ಗಂಡಸರು
ಪಕ್ಕದ ಬಾಗಿಲಿಗೆ ಬೀಗದಕೈ ತುರುಕಿ
ಬೈಸಿಕೊಂಡದ್ದುಂಟು.

ಆಗ ಮೀಟರು ಗೇಟಿನ ಬದಿ, ಹುಲ್ಲಿನೊಳಗೆ.
ಗೇಟೆಂದರೂ ಸೊಂಟದೆತ್ತರ. ಬೇಲಿಯೆಂದರೆ ಕಯಾಬಾ ಮುಳ್ಳು,
ಅದರ ಕಂಡಿಯಲ್ಲಿ ನುಸುಳಿ
ಕೋಳಿ, ಮಕ್ಕಳು, ಬಟ್ಟಲಿನಲ್ಲಿ ಸಕ್ಕರೆ
ಆ ಮನೆಯಿಂದ ಈ ಮನೆಗೆ.
ನಾನು ಬಗ್ಗಿ ಮುಚ್ಚಳ ಎತ್ತಿ
ಕಪ್ಪೆಗೆ ದಾರಿ ಬಿಟ್ಟು
ಅಂಕಿ ಗೀಚಿಕೊಂಡರೆ ಆಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇಲ್ಲಿ ಹಾಸಿಗೆಯೇ ಚಾಚತೊಡಗಿತು.
ರೈಲ್ವೆಯ ಒಗುಟು ಮೊದಲಿಗ:
ಕಿಸುಮುವಿನಿಂದ ಓದಲು ಬಂದ ತಮ್ಮನಿಗೆ
ಹಿತ್ತಲಲ್ಲೊಂದು ಕೋಣೆ.
ತಮ್ಮ ಓದು ಮುಗಿಸಿ ಹೋದ, ಬಾಡಿಗೆಯವನು ಬಂದ.
ಬಾಡಿಗೆಯ ರುಚಿ ಕಂಡ ಗೋಡೆ ಸುಮ್ಮನಿದ್ದೀತೆ?

ಮೀಟರು ಇದ್ದಲ್ಲೇ ಇತ್ತು,
ಮನೆಗಳೇ ಬಂದು ಅದರ ಮೇಲೆ ಕೂತವು.
ಒಂದು ಕಡೆ ಅದು ಅಡುಗೆಮನೆ, ಅಕ್ಕಿ ಡಬ್ಬದ ಕೆಳಗೆ.
ಒಂದು ಕಡೆ ಸಲೂನು, ಅರ್ಧ ಜಡೆ ಹೆಣೆಸಿಕೊಂಡ ಹೆಂಗಸು
ಕುರ್ಚಿ ಸಮೇತ ಏಳಬೇಕು.
ಇನ್ನೊಂದು ಕಡೆ ಚರ್ಚು ಎದ್ದಿತ್ತು, ತಗಡಿನದು;
ಪಾದ್ರಿ ಪ್ರವಚನ ನಿಲ್ಲಿಸದೆ
ಒಂದು ಕಾಲು ಎತ್ತಿ ಕೊಟ್ಟರು, ನಾನು ಓದಿಕೊಂಡೆ.
ಸಭೆ ಆಮೆನ್ ಅಂದಿತು.

ಆಮೇಲೆ ಕಳ್ಳತನದ ವರ್ಷಗಳು.
ಕಯಾಬಾ ಕಡಿದರು, ಕಲ್ಲು ಕಟ್ಟಿದರು,
ಕಲ್ಲಿನ ಮೇಲೆ ಗಾಜು, ಗಾಜಿನ ಮೇಲೆ ಕರೆಂಟು.
ನಾನು ಅಂಬೆಗಾಲಿಡುವಾಗಿನಿಂದ ಬಲ್ಲ ಹುಡುಗ
ಕಾವಲುಗಾರನ ಟೋಪಿ ಹಾಕಿಕೊಂಡು ಕೇಳಿದ:
ಗುರುತಿನ ಚೀಟಿ?

ಈಗ ಒಗುಟುವಿನ ಜಾಗದಲ್ಲಿ ಆರು ಮಹಡಿ.
ಗೋಡೆಗೆ ಇಪ್ಪತ್ತನಾಲ್ಕು ಮೀಟರು ಸಾಲಾಗಿ,
ಹೆಸರಿಲ್ಲ, ಬಿ ನಾಲ್ಕು, ಸಿ ಎರಡು.
ಸಿ ಎರಡರಲ್ಲಿ ಮಗು ಹುಟ್ಟಿತೆಂದು
ನನಗೆ ಹೇಳಿದ್ದು ನೀರು.
ಬೇರೆ ಯಾರೂ ಹೇಳಲಿಲ್ಲ.

ಇನ್ನೂರ ಹನ್ನೆರಡು ಮಾತ್ರ ಹಾಗೇ ಇದೆ.
ನ್ಯಾಬೋಕೆಯ ಮನೆ. ಸೊಂಟದೆತ್ತರದ ಗೇಟು, ಹುಲ್ಲು, ಮೀಟರು.
ಜಿಪುಣಿ ಅಂದರು ಕೆಲವರು, ಹಟಮಾರಿ ಅಂದರು ಕೆಲವರು.
ಮುಂದಿನ ತಿಂಗಳಿಂದ ಮೀಟರುಗಳು
ತಾವೇ ಆಫೀಸಿನೊಂದಿಗೆ ಮಾತಾಡುತ್ತವಂತೆ,
ಅದನ್ನು ಹೇಳಲು ಹೋಗಿದ್ದೆ.
ಚಹಾ ಕೊಟ್ಟಳು. ಮಂಚದಡಿಯಿಂದ
ಹಳದಿಗಟ್ಟಿದ ನಕ್ಷೆಯ ಸುರುಳಿ ಎಳೆದು
ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟಳು.

ನಗರಸಭೆಯ ನಕ್ಷೆ ಕಚೇರಿಯಲ್ಲಿ
ಗೆರೆ ಎಳೆಯಲು ಇದ್ದ ಒಬ್ಬಳೇ ಹುಡುಗಿ ಅವಳಂತೆ.
ಈ ಒಂಬೈನೂರ ಅರವತ್ತೂ ಅವಳ ಬೆರಳಿನಿಂದ ಇಳಿದದ್ದು.
ಹಿತ್ತಲಿನಲ್ಲಿ ಚುಕ್ಕಿಗೆರೆಯ ಒಂದು ಚೌಕ,
ಒಳಗೆ ಸಣ್ಣ ಅಕ್ಷರ: ಮುಂದಿನ ಕೋಣೆ.
ಇದೇನೆಂದು ಸಾಹೇಬರು ಕೇಳಿದಾಗ
ಮನೆಗೂ ಹೊಟ್ಟೆ ಇರುತ್ತದೆ ಅಂದಿದ್ದಳಂತೆ.

ಮತ್ತೆ ನಿನ್ನದು ಯಾಕೆ ಖಾಲಿ? ಅಂದೆ.
ದುಡ್ಡಿದ್ದಾಗ ಮನಸ್ಸು ಬರಲಿಲ್ಲ, ಮುತಿಸ್ಯಾ,
ಮನಸ್ಸು ಬಂದಾಗ ಸಿಮೆಂಟು ಮೇಲೇರಿತ್ತು.
ಅಷ್ಟರಲ್ಲಿ ಇವರು ಬಂದರು,
ಎಂದು ಹಿತ್ತಲ ಬಾಗಿಲು ತೆಗೆದಳು.

ಸುಕುಮಾ ಸೊಪ್ಪಿನ ಪಾತಿಯ ಮೇಲೆ
ಹದಿನೈದು ಸಾಲು ಹಗ್ಗ.
ಆ ಮಹಡಿಗಳಲ್ಲಿ ಬಿಸಿಲು ಬೀಳುವುದಿಲ್ಲ,
ಸೋಮವಾರ ಬಿ, ಮಂಗಳವಾರ ಸಿ.
ನಾವು ನಿಂತಿದ್ದಂತೆಯೇ ಮೋಡ ಕವಿಯಿತು;
ಐದನೆಯ ಮಹಡಿಯಿಂದ ಯಾರೋ ಕೂಗಿದರು:
ಅಮ್ಮಾ, ನಮ್ಮದೂ!

ಲೆಕ್ಕದ ಪುಸ್ತಕ ಕಂಕುಳಿಗೆ ಸಿಕ್ಕಿಸಿ
ಕ್ಲಿಪ್ಪು ಬಿಚ್ಚತೊಡಗಿದೆ.
ಯಾರದೋ ದುಪ್ಪಟಿ, ಯಾರದೋ ನರ್ಸಿನ ಕೋಟು,
ಇನ್ನೂ ಒದ್ದೆಯಿದ್ದ ಒಂದು ಶಾಲೆಯ ಅಂಗಿ,
ಕಾಲರಿನ ಒಳಗೆ ದಾರದಲ್ಲಿ ಹೊಲಿದ ಹೆಸರು.
ಓದಿಕೊಂಡೆ.