ನಿಶಾಣಿ

ಹೆಸ್ಕಾಮಿನ ಮೀಟರ್ ಓದುವವ ನಾನು.
ಶಹಾಪುರ, ವಡಗಾವಿ, ಖಾಸಬಾಗ,
ಬಾಗಿಲು ಬಾಗಿಲಿಗೆ ಬಿಲ್ಲು ಹರಿದು ಹೆಸರು ಕೂಗುತ್ತೇನೆ:
ಮೆಣಸಿನಕಾಯೀ! ಉಳ್ಳಾಗಡ್ಡೀ! ಬೆಲ್ಲದ! ಹಿಟ್ಟಿನ!
ಒಂದು ಓಣಿ ದಾಟುವುದರೊಳಗೆ ಅಡುಗೆಗೆ ಬೇಕಾದದ್ದೆಲ್ಲ ಆಯಿತು,
ಉಪ್ಪು ಮಾತ್ರ ನನ್ನ ಕೊರಳ ಕಾರ್ಡಿನಲ್ಲಿ:
ಮಹಾರುದ್ರಪ್ಪ ಉಪ್ಪಿನ.

ಹುಚ್ಚು ಹಿಡಿದದ್ದು ಅಲ್ಲಿಂದ.
ತಿಂಗಳಿಗೊಂದು ರಜೆ, ಒಂದು ಡಬ್ಬಿ ಬುತ್ತಿ,
ಕಚೇರಿಯ ಹಳೆಯ ದಫ್ತರಖಾನೆ.
ನೀಲಗಂಗಾ ಬುತ್ತಿ ಕಟ್ಟುತ್ತಲೇ ಚುಚ್ಚುತ್ತಾಳೆ:
"ಇದ್ದವರ ಮನಿಗಿ ಹೋಗಾಕ ಪುರಸೊತ್ತಿಲ್ಲ,
ಸತ್ತವರ ಮನಿ ಹುಡುಕತೀರಿ."

ಮೋಡಿ ಕಲಿಸಿದವರು ಅನಗೋಳದ ದತ್ತೋಪಂತ ಚಿಂಚಣೀಕರ,
ಎಂಬತ್ತೆರಡು ವರ್ಷ, ಕನ್ನಡಕಕ್ಕೆ ದಾರ.
"ಮೊದಲು ಗೆರೆ ಎಳೀಬೇಕು, ಉದ್ದಕ್ಕ.
ಆಮ್ಯಾಲ ಅಕ್ಷರ ಜೋತುಬಿಡಬೇಕು,
ಧೋತರ ಒಣಗಹಾಕಿಧಂಗ. ಲೇಖಣಿ ಎತ್ತಬ್ಯಾಡ."
ಅವರ ಕನ್ನಡಕ್ಕೆ ನಾನು ನಕ್ಕೆ, ನನ್ನ ಮರಾಠಿಗೆ ಅವರು.
ಪದಕ್ಕೂ ಪದಕ್ಕೂ ನಡುವೆ ಉಸಿರಿಗೆ ಎಡೆಯಿಲ್ಲ.
ಏಳನೇ ತಿಂಗಳಿಗೆ ಒಂದು ಎತ್ತು ಓದಲಿಕ್ಕೆ ಬಂತು,
ಬೈಲ, ಅಂತ. ಅವತ್ತು ಕುಂದಾ ಒಯ್ದು ಕೊಟ್ಟೆ.

ಊರಲ್ಲಿ ಹಾಡುವುದು ಬೇರೆ.
ರಾಯಬಾಗದ ಕಡೆ, ಹೊಳೆಗೆ ಹತ್ತಿರ ನಮ್ಮೂರು.
ಸುಗ್ಗಿಗೆ ಹೆಳವ ಬರುತ್ತಾನೆ, ಗಂಟೆ ಬಾರಿಸಿ
ವಂಶ ಬಿಚ್ಚುತ್ತಾನೆ:
"ಘಟ್ಟಾ ಇಳದಾ, ಕಡಲಾ ಕಂಡಾ,
ನೂರು ಎತ್ತಿನ ಮ್ಯಾಲ ಉಪ್ಪಾ ತಂದಾ
ಈರಪ್ಪ ಸಾವಕಾರಾ..."
ದೊಡ್ಡಪ್ಪ ಜೋಳ ಅಳೆಯುತ್ತಾನೆ,
ನೂರು ಎತ್ತಿಗೆ ಎರಡು ಚೀಲ.

ಸಿಕ್ಕಿದ್ದು ಮಾರ್ಚಿನಲ್ಲಿ, ಕೆಂಪು ರುಮಾಲಿನ ಗಂಟಿನೊಳಗೆ,
ಹುಳ ತಿಂದ ಒಂದು ಜಬಾನಿ.
ಈರ್ಯಾ ಬಿನ್ ಸಂಗ್ಯಾ.
ಸವುಳು ಮಣ್ಣು ಕುದಿಸಿ ಕದ್ದು ಉಪ್ಪು ತೆಗೆದವ.
ಸಿಕ್ಕ ಮಾಲು ಮೂರು ಸೇರು. ದಂಡ ಒಂದೂವರೆ ರೂಪಾಯಿ.
ಜಪ್ತಿ: ಎತ್ತು ಒಂದು, ಮಾಸಲು ಬಿಳಿ, ಎಡಗೋಡು ಮೊಂಡು.
ಕೋಡಿನ ತುದಿಯವರೆಗೆ ನೋಡಿ ಬರೆದ ಕಾರಕೂನ
'ಹೆಂಡತಿ ಒಬ್ಬಳು' ಎಂದಷ್ಟೇ ಬರೆದು ಮುಂದೆ ಹೋಗಿದ್ದಾನೆ.

ಅಡಿಯಲ್ಲಿ ನಿಶಾಣಿ.
ಸಹಿ ಬಾರದವ ತನ್ನ ಕಸುಬಿನ ಗುರುತು ಗೀಚಬೇಕು,
ಒಕ್ಕುವವ ನೇಗಿಲು, ಮಾರುವವ ತಕ್ಕಡಿ.
ತಕ್ಕಡಿಗಾಗಿ ಹುಡುಕಿದೆ. ಕಾಗದ ತಿರುಗಿಸಿ ಹುಡುಕಿದೆ,
ಕಿಟಕಿಯ ಬೆಳಕಿಗೆ ಹಿಡಿದೆ.
ನಡುಗಿದ ಗೆರೆ, ತುದಿಗೆ ಒಂದು ಅಗಲ ಎಲೆ,
ಮಸಿ ಹನಿದಿದೆ.
ಸಲಿಕೆ.

ಫೋಟೋ ನೋಡಿ ದೊಡ್ಡಪ್ಪ ಬಹಳ ಹೊತ್ತಿಗೆ ಬಾಯಿಬಿಟ್ಟ:
"ಆ ಈರ್ಯಾ ಬ್ಯಾರೆ ಯಾವನರೆ ಇರಬೇಕು."
ವೈನಿ ಒಳಗಿನಿಂದ ಬಂದಳು:
"ಮಡಚಿ ಇಡ್ರಿ ಅದನ್ನ. ಸಹನಾನ ಲಗ್ನ ಮುಗೀಲಿ."
ಮಡಚಿದೆ. ಜೇಬಿನಲ್ಲಿ ಝೆರಾಕ್ಸು ಎದೆಗೆ ಚುಚ್ಚುತ್ತದೆ,
ಬೇಕಾದಷ್ಟು ತೆಳ್ಳಗಿದ್ದೂ.

ಈ ಸುಗ್ಗಿಗೆ ಹೆಳವ ಬಂದದ್ದು ಬೈಕಿನ ಮೇಲೆ.
ಹಾಡು ಮುಗಿದ ಮೇಲೆ ಬೇವಿನ ಮರೆಗೆ ಕರೆದು ತೋರಿಸಿದೆ.
ಅವನಿಗೆ ಮೋಡಿ ಬಾರದು. ಸಲಿಕೆಯ ಮೇಲೆ ಬೆರಳಿಟ್ಟ, ನಕ್ಕ:
"ನಮ್ಮ ಹೊತ್ತಿಗಿಯಾಗೂ ಒಂದ ಎತ್ತರೀ. ಹಾಡೂಮುಂದ ನೂರು.
ಒಂದ ಎತ್ತಿಗಿ ಯಾರ ಜೋಳ ಹಾಕತಾರ?"
ಹಂಗಾದರೆ ಆಕೆಯ ಹೆಸರು, ಅಂದೆ.
ಪ್ಲಾಸ್ಟಿಕ್ ಬಿಚ್ಚಿ, ಉಗುಳು ಹಚ್ಚಿ, ಹಾಳೆ ತಿರುವಿದ.
"ಇಲ್ಲೆ ಹುಳಾ ತಿಂದೈತಿ."
ಎರಡು ಕಡೆಯೂ ಅದೇ ಹುಳಕ್ಕೆ ಅದೇ ಹಸಿವು.

ಸಂಜೆ ಹೊಲಕ್ಕೆ ಹೋದೆ.
ಕಬ್ಬಿಗೆ ನೀರುಣಿಸಿ ಉಣಿಸಿ ಕೆಳಗಿನ ಪಟ್ಟಿ ಸವುಳಾಗಿದೆ,
ನೆಲದ ಮೇಲೆ ಬೆಳ್ಳಗೆ ಪದರ.
ದೊಡ್ಡಪ್ಪ ಬಾಗಿ ಅದನ್ನು ಕೆರೆದು ಕೆರೆದು
ಬದುವಿನಾಚೆ ಚೆಲ್ಲುತ್ತಿದ್ದ.
ಬಾಗಿದ ಬೆನ್ನು, ಉದ್ದ ಕಾವು, ತುದಿಗೆ ಅಗಲ ಎಲೆ:
ಇಷ್ಟು ದೂರದಿಂದಲೂ ತಪ್ಪಿಲ್ಲದೆ ಓದಿದೆ.

"ಏನ ನೋಡಕೋತ ನಿಂತಿ,
ಬಾ, ಒಂದೀಟು ಹಿಡಿ" ಅಂದ.